ಹನಿ ಮೇಸ್ತ್ರಿಯ ಬಿಳಿ

ನನ್ನ ಭಾವನ ಬಗ್ಗೆ ಒಳ್ಳೆಯ ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಗ್ಯಾರೇಜಿನ ಗೇಟಿನಿಂದ ಹಿಡಿದು ನಮ್ಮ ಅಮ್ಮನ ಅಡುಗೆಮನೆಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಕೆಲಸ ಅವರೇ ಮಾಡಲಿ. ನಾನು ಅವನ ಪಕ್ಕದಲ್ಲಿ ಹದಿನಾಲ್ಕು ವರ್ಷ ನಿಂತು ಹೊಟ್ಟೆ ಉರಿದುಕೊಂಡವನು. ಹೊಟ್ಟೆ ಉರಿಯುವವನು ನೋಡಿದಷ್ಟು ಹತ್ತಿರದಿಂದ ಒಬ್ಬ ಮನುಷ್ಯನನ್ನು ಕಟ್ಟಿಕೊಂಡ ಹೆಂಡತಿಯೂ ನೋಡಿರುವುದಿಲ್ಲ. ಎದುರಿಗೆ ಸಿಕ್ಕರೆ 'ನೀವು' ಎನ್ನುತ್ತೇನೆ, ಎಷ್ಟಾದರೂ ಅಕ್ಕನ ಗಂಡ. ಮನಸ್ಸಿನಲ್ಲಿ ಮಾತ್ರ ಯಾವತ್ತೂ 'ಅವನು'. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಮ್ಮದು ಗುದ್ದಿಸಿಕೊಂಡ ಕಾರುಗಳನ್ನು ಸರಿಮಾಡುವ ಗ್ಯಾರೇಜು. ತಗ್ಗು ಎತ್ತುವುದು, ಪುಟ್ಟಿ ಹಚ್ಚುವುದು, ಉಜ್ಜುವುದು, ಬಣ್ಣ ಹೊಡೆದು ಕಳಿಸುವುದು. ಹೊರಗಿನವರಿಗೆ ಇದರಲ್ಲಿ ತಗ್ಗು ಎತ್ತುವುದೇ ಕಷ್ಟ ಎನಿಸುತ್ತದೆ. ಅಲ್ಲ. ಕಷ್ಟ ಇರುವುದು ಬಣ್ಣ ಸೇರಿಸುವುದರಲ್ಲಿ. ಇಡೀ ಕಾರಿಗಾದರೆ ಯಾರು ಬೇಕಾದರೂ ಬಣ್ಣ ಹೊಡೆದಾರು. ಒಂದೇ ಒಂದು ಬಾಗಿಲಿಗೆ ಹೊಡೆದು, ಅದು ಪಕ್ಕದ ಬಾಗಿಲಿನ ಒಡಹುಟ್ಟಿದ್ದು ಎನ್ನುವಂತೆ ಕಾಣಿಸಬೇಕು. ಕಂಪನಿಯವರು ಪ್ರತಿ ಬಣ್ಣಕ್ಕೂ ಒಂದು ನಂಬರು ಕೊಟ್ಟಿರುತ್ತಾರೆ, ನಿಜ. ಆದರೆ ಐದಾರು ವರ್ಷ ಬಿಸಿಲು ತಿಂದ ಕಾರು ನಂಬರಿನ ಮಾತು ಕೇಳುವುದಿಲ್ಲ. ಅಲ್ಲಿ ಕಣ್ಣೇ ಬೇಕು. ಅದರಲ್ಲೂ ಬಿಳಿ ಬಂತೆಂದರೆ ಮುಗಿಯಿತು. ಬಿಳಿಯಲ್ಲೇನು ಮಹಾ ಎನ್ನುವವರು ಒಂದು ದಿನ ನಮ್ಮಲ್ಲಿಗೆ ಬಂದು ನಿಲ್ಲಬೇಕು. ಹಾಲಿನ ಬಿಳಿ, ಸುಣ್ಣದ ಬಿಳಿ, ಮೂಳೆಯ ಬಿಳಿ, ನೀಲಿ ಹಾಕಿ ಒಗೆದ ಅಂಗಿಯ ಬಿಳಿ. ಹಳದಿ ಒಂದೇ ಒಂದು ಹನಿ ಹೆಚ್ಚಾದರೂ ಬಾಗಿಲು ಬೇರೆ ಯಾವುದೋ ಕಾರಿನಿಂದ ಕಿತ್ತು ತಂದಂತೆ ಕಾಣುತ್ತದೆ.

ಆ ಹನಿಗಳನ್ನು ಲೆಕ್ಕ ಹಾಕಿ ಬಿಡುತ್ತಿದ್ದವನು ನನ್ನ ಭಾವ. ಹಾಗಾಗಿ ಗ್ಯಾರೇಜಿನಲ್ಲಿ ಅವನಿಗೆ ಹನಿ ಮೇಸ್ತ್ರಿ ಎಂದೇ ಹೆಸರು. ತಗಡಿನ ಡಬ್ಬದಲ್ಲಿ ಬಿಳಿ ಸುರಿದು, ಕಡ್ಡಿಯಿಂದ ಹಳದಿ ನಾಲ್ಕು, ಕಪ್ಪು ಎರಡು, ನೀಲಿ ಅರ್ಧ ಎಂದು ಬಿಡುತ್ತಿದ್ದ. ಅರ್ಧ ಹನಿ ಹೇಗೆ ಬಿಡುತ್ತಾರೆ ಎಂದು ನನ್ನನ್ನು ಕೇಳಬೇಡಿ. ಅವನು ಬಿಡುತ್ತಿದ್ದ.

ಅವನನ್ನು ಅಲ್ಲಿಗೆ ಕರೆದು ತಂದವನು ನಾನೇ. ಮೊದಲು ಅವನು ಮನೆಗಳ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಮನೆಯಲ್ಲೇ ಕುಳಿತ. ಅಕ್ಕ ಬಂದು, "ಏಣಿ ಹತ್ತದೆ ಮಾಡೋ ಕೆಲಸ ನಿಮ್ಮಲ್ಲಿ ಏನಾದ್ರೂ ಇದ್ರೆ ನೋಡೋ" ಎಂದಳು. ಯಜಮಾನರ ಕೈಕಾಲು ಹಿಡಿದು ಸೇರಿಸಿದೆ. ಆಗ ನಾನು ಆರು ವರ್ಷದಿಂದ ಅಲ್ಲಿ ಪುಟ್ಟಿ ಉಜ್ಜುತ್ತಿದ್ದೆ. ಬಣ್ಣ ಕಲಸುವ ಮೇಜಿನ ಹಳೆಯ ಮೇಸ್ತ್ರಿಗೆ ವಯಸ್ಸಾಗಿತ್ತು. ಅವರು ಬಿಟ್ಟ ಮೇಲೆ ಮೇಜು ನನಗೇ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಎಂದರೆ, ನನಗೆ. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಮೇಜು ಭಾವನ ಪಾಲಾಯಿತು, ನಾನು ಉಜ್ಜುತ್ತಲೇ ಉಳಿದೆ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತೇನೋ. ಆದರೆ ಭಾವನಿಗೆ ಬುದ್ಧಿ ಹೇಳುವ ಚಟವೂ ಇತ್ತು. ಮೆಲ್ಲಗೆ, ನಗುನಗುತ್ತ ಹೇಳುತ್ತಿದ್ದ. ಅದು ಇನ್ನೂ ಕೆಟ್ಟದ್ದು. "ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಆ ಧೂಳು ಒಳ್ಳೇದಲ್ಲ" ಎಂದು ಸೇರಿದ ಮೊದಲ ವಾರವೇ ನನಗೆ ಹೇಳಿದ. ನಾನು ಎರಡು ವರ್ಷ ಕಟ್ಟಿಕೊಳ್ಳಲಿಲ್ಲ. ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡ ಮೇಲೆ ಯಜಮಾನರು ಅದೇ ಮಾತು ಹೇಳಿದರು, ಅವತ್ತೇ ಕಟ್ಟಿಕೊಂಡೆ. "ನಿಮ್ಮ ಭಾವ ಹೇಳೋದನ್ನ ಸ್ವಲ್ಪ ಕಿವಿಗೆ ಹಾಕ್ಕೋ" ಎಂದು ಅಮ್ಮ ಊಟಕ್ಕೆ ಕುಳಿತಾಗಲೆಲ್ಲ ಶುರು ಮಾಡುತ್ತಿದ್ದಳು. ಹೆತ್ತ ಮಗನ ತಟ್ಟೆಗೆ ಬಡಿಸುತ್ತ ಅಳಿಯನನ್ನು ಹೊಗಳುವ ತಾಯಿ ಅವಳು. ಭಾವ ಹೇಳಿದ್ದು ಸರಿ ಎಂದು ಗೊತ್ತಾದಷ್ಟೂ ಅದನ್ನು ಮಾಡಲು ನನ್ನ ಕೈ ಬರುತ್ತಿರಲಿಲ್ಲ.

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಬಣ್ಣ ಕಲಸಿದವನು ಅದನ್ನು ಮೊದಲು ಒಂದು ರಟ್ಟಿನ ಚೂರಿಗೆ ಹೊಡೆದು ಒಣಗಿಸಿ, ಕಾರಿಗೆ ಒತ್ತಿ ಹಿಡಿಯಬೇಕು. ನೆರಳಿನಲ್ಲಿ ಒಂದು ಸಲ, ಬಿಸಿಲಿನಲ್ಲಿ ಒಂದು ಸಲ. ತನ್ನ ಕಣ್ಣಿಗೆ ಸರಿ ಕಂಡರೂ ಸಾಲದು. ಇನ್ನೊಬ್ಬ ಬಂದು ನೋಡಿ "ಸೇರ್ತು" ಎಂದ ಮೇಲೆಯೇ ಬಣ್ಣವನ್ನು ಚಿಮ್ಮಿಸುವ ಗನ್ನಿಗೆ ತುಂಬುವುದು. ಆ ಇನ್ನೊಬ್ಬನಿಗೆ ಎರಡನೇ ಕಣ್ಣು ಎನ್ನುತ್ತೇವೆ. ಭಾವ ಮೇಜಿಗೆ ಬಂದ ದಿನದಿಂದ ಅವನ ಎರಡನೇ ಕಣ್ಣು ನಾನು. ಅವನೇ ಆರಿಸಿದ್ದು. "ನಿನ್ನ ಕಣ್ಣು ಚೆನ್ನಾಗಿದೆ, ಬಾ" ಎಂದು ಕರೆಯುತ್ತಿದ್ದ. ಹೋಗಿ ನೋಡುತ್ತಿದ್ದೆ. ತಪ್ಪು ಹುಡುಕಬೇಕೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಸಿಗುತ್ತಿರಲಿಲ್ಲ. "ಸೇರ್ತು" ಎಂದು ಹೇಳಿ ಹಲ್ಲು ಕಚ್ಚಿಕೊಂಡು ವಾಪಸ್ಸು ಉಜ್ಜಲು ಹೋಗುತ್ತಿದ್ದೆ.

ಹದಿಮೂರನೆಯ ವರ್ಷ ತಪ್ಪು ಸಿಕ್ಕಿತು. ಮಧ್ಯಾಹ್ನದ ಬಿಸಿಲು, ಬಿಳಿ ಕಾರು, ಹಿಂದಿನ ಬಾಗಿಲು. ಭಾವ ರಟ್ಟು ಒತ್ತಿ ಹಿಡಿದು "ಏನಂತೀಯ?" ಎಂದ. ರಟ್ಟು ಹಳದಿಗೆ ತಿರುಗಿತ್ತು. ಸ್ವಲ್ಪವಲ್ಲ, ನಿನ್ನೆ ಕೆಲಸಕ್ಕೆ ಸೇರಿದವನಿಗೂ ಕಾಣುವಷ್ಟು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಎರಡೂ ಬಿಳಿ ಅವನಿಗೆ ಒಂದೇ ಆಗಿ ಕಾಣುತ್ತಿದ್ದವು.

"ಸೇರ್ತು ಭಾವ" ಎಂದೆ.

ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಆ ಕಾರಿನವನು ತಪ್ಪು ಗಮನಿಸಲೇ ಇಲ್ಲ, ತೆಗೆದುಕೊಂಡು ಹೋದ. ಎರಡು ತಿಂಗಳಲ್ಲಿ ಹಾಗೆ ಮೂರು ಕಾರು ಹೋದವು. ಮೂರಕ್ಕೂ ನಾನು ಸೇರ್ತು ಎಂದೆ. ಅವನ ಕಣ್ಣು ಕೆಡುತ್ತಿದೆ ಎಂದು ಲೋಕದಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡು ಬೀಗುತ್ತಿದ್ದೆ.

ಅಕ್ಕನಿಗೂ ಗೊತ್ತಿತ್ತು. ಒಂದು ರಜೆಯ ದಿನ ಅವಳ ಮನೆಗೆ ಹೋದಾಗ ಭಾವ ಸ್ನಾನಕ್ಕೆ ಹೋಗಿದ್ದ. ಅಕ್ಕ ಇಸ್ತ್ರಿ ಮಾಡಿದ ಎರಡು ಪ್ಯಾಂಟು ತಂದು ನನ್ನ ಮುಂದೆ ಹಾಕಿದಳು. ಒಂದು ಕಪ್ಪು, ಒಂದು ಕಡು ನೀಲಿ.

"ಇವೆರಡೂ ಒಂದೇ ಬಣ್ಣ ಅಂತಾರೆ ಕಣೋ. ನಿನ್ನೆ ಅದಕ್ಕೇ ಜಗಳ. ಗ್ಯಾರೇಜಲ್ಲಿ ಹೇಗೆ ಮಾಡ್ತಿದಾರೆ? ನಿಜ ಹೇಳು."

"ನಾನೂ ನೋಡಿದೀನಿ" ಎಂದೆ. ಮೂರು ಕಾರಿನ ವಿಷಯ ಹೇಳಲಿಲ್ಲ.

ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. "ನೋಡು, ಯಾರ ಎದುರಿಗೂ ಇದನ್ನ ಎತ್ತಬೇಡ. ಅವರ ಮಾನ ಎಲ್ಲಾ ಆ ಕಣ್ಣಲ್ಲೇ ಇದೆ. ನಾಲ್ಕು ಜನರ ಮುಂದೆ ಹೇಳಿದ್ರೆ ಹಟಕ್ಕೆ ಬೀಳ್ತಾರೆ. ಆಮೇಲೆ ಆ ದೇವರೇ ಬಂದು ಹೇಳಿದ್ರೂ ಕೇಳಲ್ಲ. ನಾನು ಹೇಗೋ ಪುಸಲಾಯಿಸಿ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ನಿನ್ನ ಬಾಯಿಗೆ ಬೀಗ ಹಾಕ್ಕೊಂಡಿರು. ಅರ್ಥ ಆಯ್ತಾ?"

"ಆಯ್ತು."

ನಿಜವಾಗಿಯೂ ಅರ್ಥವಾಗಿತ್ತು. ಅಕ್ಕ ಅವನನ್ನು ಗುಟ್ಟಾಗಿ ಕರೆದುಕೊಂಡು ಹೋಗುತ್ತಾಳೆ, ಡಾಕ್ಟರು ಗುಟ್ಟಾಗಿ ಸರಿಮಾಡುತ್ತಾರೆ, ಅವನು ಏನೂ ಆಗದವನಂತೆ ಬಂದು ಮತ್ತೆ ಮೇಜಿನ ಹಿಂದೆ ನಿಲ್ಲುತ್ತಾನೆ. ಹನಿ ಮೇಸ್ತ್ರಿಗೆ ಕಾಣದ್ದು ನನಗೆ ಕಂಡಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಇದೇ ಯೋಚನೆ.

ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹನ್ನೊಂದನೆಯ ದಿನ ಒಬ್ಬ ಶಾಲೆಯ ಮೇಷ್ಟ್ರು ತಮ್ಮ ಬಿಳಿ ಕಾರು ತಂದು ಗ್ಯಾರೇಜಿನ ನಡುವೆ ನಿಲ್ಲಿಸಿದರು. ನಾನು ಸೇರ್ತು ಎಂದ ಆ ಮೂರು ಕಾರುಗಳಲ್ಲಿ ಅದೂ ಒಂದು. "ಯಜಮಾನ್ರೇ, ನನ್ನ ಬಾಗಿಲಿಗೆ ಕಾಮಾಲೆ ಬಂದಿದೆ, ಔಷಧಿ ಕೊಡಿ" ಎಂದರು. ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಯಜಮಾನರು ಬಾಗಿಲು ನೋಡಿದರು, ಭಾವನನ್ನು ನೋಡಿದರು. ಭಾವ ಬಾಗಿಲಿನ ಹತ್ತಿರ ಬಗ್ಗಿ, ಹಿಂದೆ ಸರಿದು, ಮತ್ತೆ ಬಗ್ಗಿ ನೋಡಿದ. "ಸರಿಯಾಗೇ ಇದೆಯಲ್ಲ" ಎಂದ. ಆ ಮಾತಿಗೆ ಯಾರೋ ಹಿಂದೆ ಕಿಸಕ್ಕೆಂದರು.

ನನ್ನ ನಾಲಿಗೆ ತಡೆಯಲಿಲ್ಲ. "ಅವರಿಗೆ ಕಾಣಲ್ಲ ಯಜಮಾನ್ರೇ. ಅವರ ಕಣ್ಣು ಹೋಗಿದೆ. ಎರಡು ತಿಂಗಳಿಂದ ನೋಡ್ತಾ ಇದೀನಿ ನಾನು" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಬಿಳಿಗೂ ಹಳದಿಗೂ ವ್ಯತ್ಯಾಸ ಗೊತ್ತಾಗದವರನ್ನ ಮೇಜಲ್ಲಿ ಕೂರಿಸಿದ್ರೆ ಇನ್ನೇನಾಗುತ್ತೆ?" ಎಂದೂ ಸೇರಿಸಿದೆ.

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಎರಡು ತಿಂಗಳಿಂದ ನೋಡ್ತಿದೀಯ. ಹಾಗಾದ್ರೆ ಈ ಬಾಗಿಲಿಗೆ ಸೇರ್ತು ಅಂದ ಎರಡನೇ ಕಣ್ಣು ಯಾರದಪ್ಪಾ?"

ಆಗ ಸುಳ್ಳು ಹೇಳಿದ್ದೆ ಎನ್ನಬೇಕು, ಇಲ್ಲವೇ ಈಗ ಹೇಳುತ್ತಿದ್ದೇನೆ ಎನ್ನಬೇಕು. ನಮ್ಮ ಬೆಸುಗೆಯವನು "ಬಿಡಿ ಯಜಮಾನ್ರೇ, ಇವನ ಹೊಟ್ಟೆಕಿಚ್ಚು ಇವತ್ತಿನದಾ?" ಎಂದ. ಎಲ್ಲರೂ ನಕ್ಕರು. ಭಾವ ನಗಲಿಲ್ಲ. "ನನ್ನ ಕಣ್ಣಿಗೆ ಏನೂ ಆಗಿಲ್ಲ!" ಎಂದು ಕೂಗಿದ. ಹದಿಮೂರು ವರ್ಷದಲ್ಲಿ ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಅಕ್ಕ ಫೋನು ಮಾಡಿ, "ಹೇಳಬೇಡ ಅಂದಿದ್ದೆ" ಎಂದು ಅಷ್ಟೇ ಹೇಳಿ ಇಟ್ಟಳು. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು.

ಭಾವ ಬೆಸುಗೆಯವನನ್ನು ಎರಡನೇ ಕಣ್ಣು ಮಾಡಿಕೊಂಡ. ಬೆಸುಗೆಯವನಿಗೆ ಬೆಂಕಿಯ ಬಣ್ಣ ಬಿಟ್ಟು ಬೇರೆ ಬಣ್ಣ ಗೊತ್ತಿರಲಿಲ್ಲ. ರಟ್ಟು ಹಿಡಿದ ಕೂಡಲೇ ಮರ್ಯಾದೆಯಿಂದ "ಸೇರ್ತು ಮೇಸ್ತ್ರಿ" ಎನ್ನುತ್ತಿದ್ದ. ಯಜಮಾನರು ಬಿಳಿ ಕಾರುಗಳನ್ನು ಏನೋ ಒಂದು ನೆಪ ಹೇಳಿ ಬೇರೆ ಕಡೆ ಕಳಿಸತೊಡಗಿದರು. ಆದರೂ ಭಾವನನ್ನು ಮೇಜಿನಿಂದ ಏಳಿಸಲಿಲ್ಲ. ನನ್ನನ್ನಂತೂ ಆ ಕಡೆ ಸುಳಿಯಲೂ ಬಿಡಲಿಲ್ಲ. ಭಾವ ಡಬ್ಬಗಳ ಮೇಲಿನ ನಂಬರನ್ನು ಮೂಗಿಗೆ ತಾಗಿಸಿಕೊಂಡು ಓದುವುದನ್ನು ದೂರದಿಂದಲೇ ನೋಡುತ್ತಿದ್ದೆ. ಆಸ್ಪತ್ರೆಗೆ ಹೋಗು ಮಾರಾಯ ಎಂದು ನನ್ನ ಮನಸ್ಸು ಒಂದು ಸಲವೂ ಹೇಳಲಿಲ್ಲ. ಇವತ್ತು ಬೀಳುತ್ತಾನೆ, ನಾಳೆ ಬೀಳುತ್ತಾನೆ ಎಂದು ಕಾಯುತ್ತಿದ್ದೆ.

ಏಳು ತಿಂಗಳ ಮೇಲೆ ಬಿದ್ದ. ಬೆಳಿಗ್ಗೆ ಹತ್ತರ ಹೊತ್ತು, ಎಡಗಣ್ಣು ಒತ್ತಿ ಹಿಡಿದುಕೊಂಡು ಮೇಜಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ. ಅಲ್ಲೇ ವಾಂತಿ ಮಾಡಿಕೊಂಡ. ಕೈ ತೆಗೆಸಿ ನೋಡಿದರೆ ಕಣ್ಣು ಕೆಂಡವಾಗಿತ್ತು. ಹತ್ತಿರದಲ್ಲಿ ಗಾಡಿ ಓಡಿಸುವವನು ನಾನೊಬ್ಬನೇ ಇದ್ದೆ. ಅಕ್ಕನನ್ನು ದಾರಿಯಲ್ಲಿ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೊರೆ ಬಲಿತು ಊದಿದೆ, ಒಳಗೆ ಒತ್ತಡ ಏರಿ ನರ ಕೆಟ್ಟಿದೆ, ಎಡಗಣ್ಣಿನ ಆಸೆ ಬಿಡಿ, ಬಲಗಣ್ಣಿನ ಪೊರೆ ತೆಗೆಯಬಹುದು ಎಂದರು. ಆಮೇಲೆ ಸಿಟ್ಟಾದರು. "ಮುಂಚೆನೇ ಬಂದಿದ್ರೆ ಎರಡೂ ಉಳೀತಿತ್ತು. ಇಷ್ಟು ದಿನ ಏನು ಮಾಡ್ತಿದ್ರಿ? ಕಣ್ಣು ತೋರಿಸಿಕೊಳ್ಳಿ ಅಂತ ಯಾರೂ ಹೇಳ್ಲಿಲ್ವಾ ಇವರಿಗೆ?"

ಅಕ್ಕ ನನ್ನ ಮುಖ ನೋಡಿದಳು. "ಹೇಳಿದ್ರು ಡಾಕ್ಟ್ರೇ" ಎಂದಳು.

ಯಜಮಾನರಿಗೆ ಬೇರೆ ಗತಿ ಇರಲಿಲ್ಲ. ಮೇಜು ನನಗೆ ಬಂತು. ಬೆಸುಗೆಯವನು ಮಾರನೆಯ ದಿನವೇ ನನ್ನನ್ನೂ ಮೇಸ್ತ್ರಿ ಎಂದ. ಪಾಪ, ಅವನಿಗೆ ಮೇಜಿನ ಹಿಂದೆ ಇರುವವರೆಲ್ಲ ಮೇಸ್ತ್ರಿಗಳೇ. ನನಗೆ ಅಳು ಬರಬೇಕಿತ್ತು ಎಂದು ನೀವು ಅಂದುಕೊಂಡರೆ, ಇಲ್ಲ. ಮೊದಲ ವಾರ ಡಬ್ಬಗಳನ್ನೆಲ್ಲ ಒರೆಸಿ ನನಗೆ ಬೇಕಾದಂತೆ ಜೋಡಿಸಿಕೊಂಡೆ. ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ಅವರು ಬೇಗ ಹುಷಾರಾಗಲಿ" ಎಂದಳು. ಆಗಲೂ ಹೊಟ್ಟೆ ಉರಿಯಿತು.

ಆರು ವಾರದ ಮೇಲೆ ಒಂದು ಮಧ್ಯಾಹ್ನ ಭಾವ ಗ್ಯಾರೇಜಿಗೆ ಬಂದ. ಎಡಗಣ್ಣಿನ ಮೇಲೆ ಕಪ್ಪು ಗಾಜಿನ ಕನ್ನಡಕ, ಬಲಗಡೆಯ ಗಾಜು ತಿಳಿ. ಅವನ ಕೆಲಸದ ಅಂಗಿ, ಊಟದ ಡಬ್ಬಿ ಇಲ್ಲೇ ಉಳಿದಿದ್ದವು, ಒಯ್ಯಲು ಬಂದಿದ್ದ. ಎಲ್ಲರೂ ಸುತ್ತ ನಿಂತು ಮಾತಾಡಿಸಿದರು. "ಒಂದು ಕಣ್ಣಾದ್ರೂ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ! ಆಕಾಶ ಇಷ್ಟು ನೀಲಿ ಅಂತ ನನಗೆ ಮರ್ತೇ ಹೋಗಿತ್ತು" ಎನ್ನುತ್ತಿದ್ದ. ನಾನು ಹೊರಗಡೆ ಒಂದು ಬಿಳಿ ಕಾರಿಗೆ ರಟ್ಟು ಒತ್ತಿ ಹಿಡಿದು ನಿಂತಿದ್ದೆ. ಬೆಸುಗೆಯವನು ಅದಾಗಲೇ ಸೇರ್ತು ಎಂದು ಹೋಗಿದ್ದ. ಭಾವ ಅಂಗಿ, ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಪಕ್ಕ ಬಂದು ನಿಂತ.

"ಹಳದಿ ಒಂದು ಹನಿ ಜಾಸ್ತಿ ಆಗಿದೆ" ಎಂದ.

ನಾನು ಕೇಳಿರಲಿಲ್ಲ. ಕೇಳದೆಯೇ ಹೇಳಿದ, ಹಳೆಯ ಚಟ. ನನಗೆ ನೆತ್ತಿಗೇರಿತು.

"ಎರಡೆರಡು ಕಣ್ಣಿರೋರು ಇಬ್ಬರು ನೋಡಿ ಆಗಿದೆ ಭಾವ. ಮೇಜು ಕೈ ತಪ್ಪಿತಲ್ಲ ಅಂತ ಹೊಟ್ಟೆಕಿಚ್ಚು ನಿಮಗೆ."

ಹೀಗೆ ಅಂದೇಬಿಟ್ಟೆ. ಅವನು ಸಿಟ್ಟಾಗಲಿಲ್ಲ.

"ಇರಬಹುದು. ಬಂದಾಗಿಂದ ಆ ಮೇಜಿನ ಕಡೆ ನೋಡೋಕೇ ಆಗ್ತಿಲ್ಲ ನನಗೆ. ನನ್ನ ಡಬ್ಬಗಳನ್ನೆಲ್ಲ ತಲೆಕೆಳಗು ಮಾಡಿದೀಯ. ಹೊಟ್ಟೆಕಿಚ್ಚೇ ಅದು. ಆದ್ರೆ ಹಳದಿ ಜಾಸ್ತಿ ಆಗಿರೋದೂ ನಿಜ."

ಅವನು ಕಾರಿನ ಬಾಗಿಲನ್ನು ಬೆರಳಿನಿಂದ ಸವರುತ್ತ ಹೇಳಿದ:

"ಅವತ್ತು ನೀನೂ ಹೊಟ್ಟೆಕಿಚ್ಚಿಗೇ ಹೇಳಿದ್ದು, ಆದ್ರೆ ನಿಜಾನೇ ಹೇಳಿದ್ದೆ. ನಿನಗೊಂದು ವಿಷಯ ಗೊತ್ತಿಲ್ಲ. ಮಾರನೇ ದಿನ ಹನ್ನೊಂದು ಗಂಟೆಗೆ ಡಾಕ್ಟ್ರನ್ನ ನೋಡೋಕೆ ನಿಮ್ಮಕ್ಕ ಚೀಟಿ ಮಾಡಿಸಿದ್ದಳು. ನಾನೂ ಹೂಂ ಅಂದಿದ್ದೆ. ಮೇಷ್ಟ್ರು ಕಾರು ತಂದಾಗ ಆ ಚೀಟಿ ನನ್ನ ಜೇಬಲ್ಲೇ ಇತ್ತು. ನೀನು ಹಾಗೆ ಅಂದೆಯಲ್ಲ, ಈಗ ಹೋದ್ರೆ ಇವನು ಗೆದ್ದ ಹಾಗಾಗುತ್ತೆ ಅಂತ ಅಲ್ಲೇ ಹಿಂದುಗಡೆ ಹೋಗಿ ಹರಿದು ಹಾಕಿದೆ. ನಿನ್ನ ಮೇಲಿನ ಹಟಕ್ಕೆ ನಾನು ಒಂದು ಕಣ್ಣು ಕಳ್ಕೊಂಡೆ. ನನ್ನ ಮೇಲಿನ ಹಟಕ್ಕೆ ನೀನು ಈ ಬಾಗಿಲು ಕೆಡಿಸಬೇಡ. ಹೊಸದಾಗಿ ಕಲಸು, ಹೋಗು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವನು ಮಾರನೆಯ ದಿನವೇ ಹೋಗುತ್ತಿದ್ದ. ಇನ್ನು ಒಂದೇ ಒಂದು ದಿನ ತಡೆದಿದ್ದರೆ ಸಾಕಿತ್ತು. ಅದರ ಜೊತೆಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಂದು ಯೋಚನೆಯೂ ಬಂತು. ಒಂದೇ ಕಣ್ಣಿನಲ್ಲಿ, ಬಂದು ನಿಂತ ಕೂಡಲೇ, ಇವನಿಗೆ ಆ ಒಂದು ಹನಿ ಹೇಗೆ ಕಂಡಿತು?

ರಟ್ಟನ್ನು ಬಿಸಿಲಿಗೆ ಓರೆ ಮಾಡಿ ಮತ್ತೆ ನೋಡಿದೆ. ಹಳದಿ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಆಸೆಪಟ್ಟರೂ ಇತ್ತು. ಒಳಗೆ ಹೋಗಿ ಡಬ್ಬ ಪಕ್ಕಕ್ಕಿಟ್ಟು, ಹೊಸ ಡಬ್ಬದಲ್ಲಿ ಬಿಳಿ ಸುರಿದೆ. ಹಳದಿಯನ್ನು ನಾಲ್ಕರ ಬದಲು ಮೂರು ಬಿಟ್ಟೆ. ಇನ್ನೊಂದು ರಟ್ಟಿಗೆ ಹೊಡೆದು, ಒಣಗಿಸಿ, ಹೊರಗೆ ತಂದು ಬಾಗಿಲಿಗೆ ಒತ್ತಿ ಹಿಡಿದೆ. ಭಾವ ಇನ್ನೂ ಅಲ್ಲೇ ನಿಂತಿದ್ದ.

"ಈಗ ನೋಡಿ ಭಾವ" ಎಂದೆ. ಹದಿನಾಲ್ಕು ವರ್ಷದಲ್ಲಿ ಅವನನ್ನು ನಾನಾಗಿ ಏನಾದರೂ ಕೇಳಿದ್ದು ಅದೇ ಮೊದಲು.

ಅವನು ಕಪ್ಪು ಗಾಜಿನ ಕಡೆಯನ್ನು ಹಿಂದಕ್ಕೆ ತಿರುಗಿಸಿ, ಒಳ್ಳೆಯ ಕಣ್ಣನ್ನು ರಟ್ಟಿನ ಹತ್ತಿರ ತಂದ. ನೆರಳಿನಲ್ಲಿ ನೋಡಿದ, ಬಿಸಿಲಿಗೆ ಸರಿಸಿ ನೋಡಿದ. ತುಂಬಾ ಹೊತ್ತು ನೋಡಿದ.

"ಸೇರ್ತು" ಎಂದ.

ಅಂಗಿ, ಡಬ್ಬಿ ಸರಿಮಾಡಿಕೊಂಡು ಗೇಟಿನ ಕಡೆ ನಡೆದ. ನಾನು ರಟ್ಟು ಹಿಡಿದುಕೊಂಡು ನಿಂತೇ ಇದ್ದೆ. ಆ ಮಾತನ್ನು ಅವನಿಗೆ ಮೂರು ಸಲ ನಾನು ಹೇಗೆ ಹೇಳಿದ್ದೆ ಎಂದು ನನಗೆ ಗೊತ್ತಲ್ಲ. ಅವನಿಗೂ ಗೊತ್ತು. ಎಷ್ಟು ನೋಡಿದರೂ ನನ್ನ ಕಣ್ಣಿಗೆ ರಟ್ಟಿನ ಬಿಳಿ, ಬಾಗಿಲಿನ ಬಿಳಿ ಎರಡೂ ಒಂದೇ ಆಗಿ ಕಾಣುತ್ತಿದ್ದವು, ಆದರೆ ಭಾವ ಬಂದು ಹೇಳುವವರೆಗೆ ಮೊದಲಿನ ರಟ್ಟೂ ನನಗೆ ಹಾಗೆಯೇ ಕಂಡಿತ್ತು. ಭಾವ ಸುಳ್ಳು ಹೇಳುವವನಲ್ಲ. ಅವನ ಆ ಕಣ್ಣಿಗಿಂತ ಅವನ ಈ ಗುಣದ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚು. ಗನ್ನಿಗೆ ಬಣ್ಣ ತುಂಬಿದೆ.